ಕೈಬಿಟ್ಟ ಎರಡು ರಾಜ

ಎಂಟು ಡಾಲರ್ ದೊಡ್ಡ ದುಡ್ಡೇನಲ್ಲ. ಸ್ಯಾನ್ ಹೋಸೆಯಲ್ಲಿ ಒಂದು ಮಸಾಲೆ ದೋಸೆಗೇ ಅದಕ್ಕಿಂತ ಜಾಸ್ತಿ ಆಗುತ್ತದೆ. ಆದರೆ ಹತ್ತು ವರ್ಷಕ್ಕೂ ಹಿಂದೆ ಒಂದು ರಾತ್ರಿ ನಾನು ಪೋಕರ್ ಮೇಜಿನ ಮೇಲೆ ಇಡದೆ ಉಳಿಸಿಕೊಂಡ ಎಂಟು ಡಾಲರ್ ಈಗಲೂ ನೆನಪಿಗೆ ಬರುತ್ತದೆ. ಕಾರು ಓಡಿಸುವಾಗ ಬರುತ್ತದೆ. ಪಾತ್ರೆ ತೊಳೆಯುವಾಗ ಬರುತ್ತದೆ. ಆಮೇಲೆ ಅದಕ್ಕಿಂತ ಎಷ್ಟೋ ದೊಡ್ಡ ಮೊತ್ತ ಸೋತಿದ್ದೇನೆ. ಅವೆಲ್ಲ ಮರೆತುಹೋಗಿವೆ. ಇದು ಮಾತ್ರ ಹೋಗಿಲ್ಲ. ಯಾಕೆ ಅಂತ ಕೂತು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವತ್ತು ಶುಕ್ರವಾರ. ಆಫೀಸಿನಿಂದ ನೇರವಾಗಿ ಕಾರ್ಡ್ ರೂಮಿಗೆ ಹೋಗಿದ್ದೆ. 4/8 ಲಿಮಿಟ್ ಹೋಲ್ಡೆಮ್ ಅನ್ನುವ ಪೋಕರ್ ಆಟದ ಟೇಬಲ್, ಒಂಬತ್ತು ಜನ. ಒಬ್ಬೊಬ್ಬರ ಕೈಯಲ್ಲಿ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಲಿಮಿಟ್ ಆಡದವರಿಗೆ ಒಂದೇ ಮಾತು: ಮೊದಲ ಎರಡು ಸುತ್ತಿನಲ್ಲಿ ಬೆಟ್, ಅಂದರೆ ಇಡುವ ಪಣ, ನಾಲ್ಕು ಡಾಲರ್, ಕೊನೆಯ ಎರಡು ಸುತ್ತಿನಲ್ಲಿ ಎಂಟು. ರೇಸ್ ಮಾಡಿ ಪಣ ಏರಿಸಿದರೂ ಅಷ್ಟಷ್ಟೇ ಏರುತ್ತದೆ. ಇದ್ದದ್ದನ್ನೆಲ್ಲ ಮುಂದೆ ತಳ್ಳಿ ಎದುರಿನವನನ್ನು ಹೆದರಿಸುವ ಹಾಗಿಲ್ಲ. ನನಗೆ ಎರಡು ರಾಜ ಬಂದಿದ್ದವು, ಆಟೀನು ಮತ್ತು ಡೈಮಂಡ್. ನನಗಿಂತ ಮುಂಚೆ ಇಬ್ಬರು ನಾಲ್ಕು ನಾಲ್ಕು ಇಟ್ಟು ಒಳಗೆ ಬಂದಿದ್ದರು. ನಾನು ಎಂಟಕ್ಕೆ ಏರಿಸಿದೆ. ಬಿಗ್ ಬ್ಲೈಂಡ್‌ನಲ್ಲಿ, ಅಂದರೆ ಎಲೆ ನೋಡುವ ಮೊದಲೇ ನಾಲ್ಕು ಡಾಲರ್ ಇಡಬೇಕಾದ ಜಾಗದಲ್ಲಿ, ಎಪ್ಪತ್ತು ದಾಟಿದ ಒಬ್ಬ ವಿಯೆಟ್ನಾಮಿ ಅಜ್ಜ ಕೂತಿದ್ದರು. ಅವರೂ ಬಂದರು, ಆ ಇಬ್ಬರೂ ಬಂದರು. ಅದರ ಅರ್ಧ ಇಡಬೇಕಾದ ಸ್ಮಾಲ್ ಬ್ಲೈಂಡ್‌ನವನು ಬಿಟ್ಟುಹೋದ ಎರಡು ಡಾಲರ್ ಸೇರಿ ಪಾಟ್‌ನಲ್ಲಿ, ಅಂದರೆ ಗೆದ್ದವನಿಗೆ ಸೇರುವ ನಡುವಿನ ದುಡ್ಡಿನಲ್ಲಿ, 34. ಫ್ಲಾಪ್‌ನಲ್ಲಿ, ಅಂದರೆ ಮೇಜಿನ ಮೇಲೆ ಒಟ್ಟಿಗೆ ಬಿಡಿಸುವ ಮೊದಲ ಮೂರು ಎಲೆಗಳಲ್ಲಿ, ಇಸ್ಪೀಟ್ ಗುಲಾಮ, ಇಸ್ಪೀಟ್ ಎಂಟು, ಡೈಮಂಡ್ ಮೂರು. ಎಲ್ಲರೂ ದುಡ್ಡು ಇಡದೆ ಚೆಕ್ ಅಂದರು, ನಾನು ನಾಲ್ಕು ಇಟ್ಟೆ. ಅಜ್ಜ ಅಷ್ಟೇ ಇಟ್ಟು ಕಾಲ್ ಮಾಡಿದರು, ಇನ್ನೊಬ್ಬ ಹುಡುಗ ಕಾಲ್ ಮಾಡಿದ, ಮೂರನೆಯವನು ಎಲೆ ಎಸೆದು ಆ ಆಟ ಬಿಟ್ಟ. ಟರ್ನ್‌ನಲ್ಲಿ, ಅಂದರೆ ನಾಲ್ಕನೇ ಎಲೆಯಾಗಿ, ಆಟೀನು ಆರು. ನಾನು ಎಂಟು ಇಟ್ಟೆ, ಇಬ್ಬರೂ ಎಂಟೆಂಟು ಇಟ್ಟರು. ಈಗ ಪಾಟ್ 70.

ರಿವರ್‌ನಲ್ಲಿ, ಅಂದರೆ ಐದನೇ ಮತ್ತು ಕೊನೆಯ ಎಲೆಯಾಗಿ, ಬಂದದ್ದು ಇಸ್ಪೀಟ್ ಎಕ್ಕ.

ಆ ಎಲೆ ತಿರುಗಿದ ಕ್ಷಣ ನನ್ನ ಹೊಟ್ಟೆಯಲ್ಲಿ ಆದದ್ದು ಈಗಲೂ ನೆನಪಿದೆ. ಒಂದೇ ಎಲೆಯಲ್ಲಿ ಎರಡು ಕೆಟ್ಟ ಸುದ್ದಿ. ರಾಜನಿಗಿಂತ ದೊಡ್ಡ ಎಲೆ ಬಂತು, ಮೂರನೇ ಇಸ್ಪೀಟೂ ಬಂತು. ಕೈಯಲ್ಲಿ ಎರಡು ಇಸ್ಪೀಟ್ ಇದ್ದವನಿಗೆ ಈಗ ಒಂದೇ ಜಾತಿಯ ಐದು ಎಲೆ, ಅಂದರೆ ಫ್ಲಶ್. ಅಲ್ಲಿಯವರೆಗೆ ಸುಮ್ನೆ ಕಾಲ್ ಮಾಡಿಕೊಂಡು ಬಂದಿದ್ದ ಅಜ್ಜ ಈಗ ತಾವೇ ಎಂಟು ಡಾಲರ್ ಮುಂದಿಟ್ಟರು. ಹುಡುಗ ಎಸೆದ. ಸರದಿ ನನ್ನದು. ನಾನು ಒಂದು ನಿಮಿಷ ಯೋಚಿಸಿದ ಹಾಗೆ ಮಾಡಿದೆ. ನಿಜ ಹೇಳಬೇಕೆಂದರೆ ಆಗ ಯೋಚಿಸುತ್ತಿರಲಿಲ್ಲ, ಬರೀ ಎಕ್ಕವನ್ನು ನೋಡುತ್ತಿದ್ದೆ. ಆಮೇಲೆ ಎರಡೂ ರಾಜರನ್ನು ಡೀಲರ್ ಕಡೆ ತಳ್ಳಿದೆ. ಪಕ್ಕದವನಿಗೆ ಕಾಣಲಿ ಅಂತ ತಿರುಗಿಸಿಯೇ ತಳ್ಳಿದೆ. ಇಂಥ ಕೈ ಎಸೆಯುವ ಧೈರ್ಯ ನನಗಿದೆ ಅಂತ ತೋರಿಸುವ ಆಸೆ. ಅಜ್ಜ ನನ್ನ ರಾಜರನ್ನು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಎಲೆಗಳನ್ನೂ ತಿರುಗಿಸಿದರು. ಆಟೀನು ಹತ್ತು, ಆಟೀನು ಒಂಬತ್ತು. ಸಾಲಾಗಿ ಐದು ಎಲೆ ಆಗಲು ಏಳೋ ರಾಣಿಯೋ ಬರಲಿ ಅಂತ ಕಾದಿದ್ದರು, ಎರಡೂ ಬಂದಿರಲಿಲ್ಲ. ಅವರ ಕೈಯಲ್ಲಿ ಏನೂ ಇರಲಿಲ್ಲ. ಒಂದು ಜೋಡಿಯೂ ಇರಲಿಲ್ಲ.

ಮಾವನ ಡ್ರಾಪ್

ನಾನು ಎಸೆಯುವುದನ್ನು ಕಲಿತದ್ದು ಕ್ಯಾಲಿಫೋರ್ನಿಯಾದಲ್ಲಿ ಅಲ್ಲ, ತಿಪಟೂರಿನಲ್ಲಿ. ಗೌರಿ ಗಣೇಶ ಹಬ್ಬದ ರಾತ್ರಿ ಅಜ್ಜಿ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ರಮ್ಮಿಗೆ ಕೂರುತ್ತಿದ್ದರು. ದೊಡ್ಡವರು ಆರು ಜನ, ಮಕ್ಕಳು ಹಿಂದೆ ಕೂತು ನೋಡಬೇಕು, ಬಾಯಿ ಬಿಡಬಾರದು. ನಾನು ಯಾವಾಗಲೂ ಸೋದರಮಾವನ ಬೆನ್ನ ಹಿಂದೆ ಕೂರುತ್ತಿದ್ದೆ. ಮಾವ ಹದಿಮೂರು ಎಲೆ ಎತ್ತಿಕೊಂಡು, ಜೋಡಿಸಿ, ಒಂದು ಸಲ ನೋಡುತ್ತಿದ್ದರು. ಜೋಕರ್ ಇಲ್ಲದ ಸಾಲು ಆಗುವ ಲಕ್ಷಣ ಕಾಣದಿದ್ದರೆ ತಕ್ಷಣ ಡ್ರಾಪ್. ಎರಡು ಎಕ್ಕ, ರಾಜ, ರಾಣಿ ಎಲ್ಲ ಇರುತ್ತಿದ್ದ ಎಲೆಗಳನ್ನೂ ಹಾಗೇ ಮಡಚಿ ಇಡುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಅಷ್ಟು ಚೆಂದದ ಬಣ್ಣದ ಎಲೆಗಳು!

ಒಂದು ಸಲ ತಡೆಯಲಾರದೆ ಕಿವಿಯಲ್ಲಿ ಕೇಳಿದೆ. "ಮಾವ, ರಾಜ ರಾಣಿ ಎಲ್ಲ ಇತ್ತಲ್ವಾ?"

"ಅವು ಕೈಯಲ್ಲಿ ಉಳಿದ್ರೆ ಒಂದೊಂದಕ್ಕೆ ಹತ್ತು ಪಾಯಿಂಟ್ ಕಣೋ. ಈಗ ಬಿಟ್ರೆ ಇಪ್ಪತ್ತು. ಒಂದು ಸುತ್ತು ಆದ್ಮೇಲೆ ಬಿಟ್ರೆ ನಲವತ್ತು. ಕೂತ್ಕೊಂಡು ಸೋತ್ರೆ ಎಂಬತ್ತು."

ಇಪ್ಪತ್ತು, ನಲವತ್ತು, ಎಂಬತ್ತು. ಈ ಮೂರು ಅಂಕಿ ನನ್ನ ತಲೆಯಲ್ಲಿ ಮಗ್ಗಿಯ ಹಾಗೆ ಕೂತುಬಿಟ್ಟಿತು. ಅನುಮಾನ ಬಂದರೆ ಬಿಡು, ಬೇಗ ಬಿಡು, ಕೂತಷ್ಟೂ ನಷ್ಟ. ಹಬ್ಬದ ಆ ರಾತ್ರಿಗಳಿಂದ ನಾನು ಜೊತೆಗೆ ತಂದ ಬುದ್ಧಿ ಇದು. ಪೋಕರ್ ಕಲಿತಾಗಲೂ ಇದೇ ಬುದ್ಧಿ ಮೇಲೆ ಬಂತು. ಅದಕ್ಕೆ ಟಿವಿಯೂ ನೀರೆರೆಯಿತು. 2003ರಲ್ಲಿ ಕ್ರಿಸ್ ಮನಿಮೇಕರ್ ಅನ್ನುವ ಅಕೌಂಟೆಂಟ್ ವರ್ಲ್ಡ್ ಸೀರೀಸ್ ಆಫ್ ಪೋಕರ್ ಗೆದ್ದ ಮೇಲೆ ಅಮೆರಿಕದ ಟಿವಿಯಲ್ಲೆಲ್ಲ ಇದ್ದದ್ದನ್ನೆಲ್ಲ ಪಣಕ್ಕಿಡಬಹುದಾದ ನೋ-ಲಿಮಿಟ್ ಆಟವೇ. ಅದರಲ್ಲಿ ದೊಡ್ಡ ಆಟಗಾರ ಒಳ್ಳೆಯ ಕೈಯನ್ನು ಎಸೆದರೆ ವಿವರಣೆ ಕೊಡುವವರು ಅದನ್ನು ಹಾಡಿ ಹೊಗಳುತ್ತಿದ್ದರು. ಗಟ್ಟಿ ಕೈ ಬಿಡುವುದೇ ಜಾಣತನ ಅಂತ ನಾನು ತಿಳಿದೆ. ನೋ-ಲಿಮಿಟ್‌ನಲ್ಲಿ ಅದು ಎಷ್ಟೋ ಸಲ ನಿಜವೂ ಹೌದು. ಅಲ್ಲಿ 70 ಡಾಲರ್ ಪಾಟ್‌ಗೆ ಎದುರಿನವನು 70 ಇಡಬಹುದು. ಆಗ 140 ಗೆಲ್ಲಲು ನಾವು 70 ಕೊಡಬೇಕು. ಮೂರು ಸಲಕ್ಕೆ ಒಂದು ಸಲವಾದರೂ ಗೆಲ್ಲುವ ಹಾಗಿದ್ದರೆ ಮಾತ್ರ ಕೊಡಬಹುದು.

ನನ್ನ ಮೇಜಿನಲ್ಲಿ ಅಜ್ಜ ಇಟ್ಟದ್ದು ಎಂಟು. ಪಾಟ್‌ನಲ್ಲಿ 78 ಇತ್ತು. ಆ 78ನ್ನು ಗೆಲ್ಲಲು ನಾನು ಕೊಡಬೇಕಾದದ್ದು ಎಂಟೇ. ಇದೇ ಲೆಕ್ಕವನ್ನು ಹತ್ತು ರಾತ್ರಿಗೆ ಹರಡಿ ನೋಡಿ. ಇದೇ ಜಾಗ, ಇದೇ ಎಲೆ, ಹತ್ತು ಸಲವೂ ನಾನು ಕಾಲ್ ಮಾಡುತ್ತೇನೆ. ಒಂಬತ್ತು ಸಲ ಸೋಲುತ್ತೇನೆ, 72 ಡಾಲರ್ ಹೋಯಿತು. ಒಂದೇ ಒಂದು ಸಲ ಗೆಲ್ಲುತ್ತೇನೆ, 78 ಬಂತು. ಹತ್ತರಲ್ಲಿ ಒಂಬತ್ತು ಸಲ ಸೋತರೂ ಆರು ಡಾಲರ್ ಲಾಭ. ಅಂದರೆ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ "ಸೋತಿದ್ದೇನಾ?" ಅಂತ ಅಲ್ಲವೇ ಅಲ್ಲ. ಬಹುಶಃ ಸೋತಿದ್ದೆ ಅಂತಲೇ ಇಟ್ಟುಕೊಳ್ಳೋಣ. ಹತ್ತಕ್ಕೆ ಒಂಬತ್ತು ಸಲ ಸೋತಿರುವ ಕೈಯೂ ಅಲ್ಲಿ ಕಾಲ್ ಮಾಡಬೇಕಾದ ಕೈ.

ರಮ್ಮಿಯಲ್ಲಿ ಹೊತ್ತು ಹೋದ ಹಾಗೆ ಕೂತಿರುವುದು ದುಬಾರಿ ಆಗುತ್ತಾ ಹೋಗುತ್ತದೆ. ಲಿಮಿಟ್ ಪೋಕರ್‌ನಲ್ಲಿ ಹೊತ್ತು ಹೋದ ಹಾಗೆ ಎದ್ದು ಹೋಗುವುದು ದುಬಾರಿ ಆಗುತ್ತದೆ. ಬೆಟ್ ಎಂಟರ ಮೇಲೆ ಬೆಳೆಯುವುದಿಲ್ಲ, ಪಾಟ್ ಬೆಳೆಯುತ್ತದೆ. ನನ್ನ ಮಾವನ ಲೆಕ್ಕ ತಪ್ಪಲ್ಲ. ಅದನ್ನು ನಾನು ಬೇರೆ ಆಟದ ಕೊನೆಯ ಎಲೆಗೆ ತಂದು ಹಚ್ಚಿದ್ದು ತಪ್ಪು.

ಬಾಗಿಲಲ್ಲೇ ಬಿಡಬೇಕಾದ ಕೈ

ಹಾಗಾದರೆ ಗಟ್ಟಿ ಕೈಯನ್ನು ಎಲ್ಲೂ ಬಿಡಬಾರದಾ? ಬಿಡಬೇಕು. ಮೊದಲಲ್ಲೇ ಬಿಡಬೇಕು. ಎಕ್ಕ ಮತ್ತು ಗುಲಾಮ ಬಂದಿದೆ ಅಂತಿಟ್ಟುಕೊಳ್ಳಿ. ನೋಡಲು ಎಷ್ಟು ಚೆಂದ! ಆದರೆ ಎಲ್ಲರಿಗಿಂತ ಮೊದಲು ಮಾತಾಡುವ ಜಾಗದಲ್ಲಿ ಕೂತು, ಸಂಜೆಯಿಂದ ನಾಲ್ಕೇ ಕೈ ಆಡಿದ ಮನುಷ್ಯ ಎಂಟಕ್ಕೆ ಏರಿಸಿದ್ದಾನೆ. ಅವನ ಹತ್ತಿರ ಏನಿರಬಹುದು? ಎರಡು ಎಕ್ಕ, ಎರಡು ರಾಜ, ಎಕ್ಕ-ರಾಜ, ಎಕ್ಕ-ರಾಣಿ. ನನಗೆ ಎಕ್ಕ ಬಂದರೆ ಅವನ ಎಕ್ಕದ ಪಕ್ಕದಲ್ಲಿರುವ ಎಲೆ ನನ್ನ ಗುಲಾಮನಿಗಿಂತ ದೊಡ್ಡದು. ಬಯಸಿದ್ದು ಬಂದರೂ ಸೋಲುವ ಕೈ ಅದು. ಆ ಹೊತ್ತಿನಲ್ಲಿ ಮಧ್ಯದಲ್ಲಿ ಇರುವುದು ಬರೀ 14 ಡಾಲರ್: ಎರಡು ಬ್ಲೈಂಡ್ ಸೇರಿ ಆರು, ಅವನ ಎಂಟು. ನಾನು ಎಂಟು ಕೊಟ್ಟು 14ಕ್ಕೆ ಆಸೆ ಪಡಬೇಕು. ಸರಿಯಾಗಿ ಒಂದೂಮುಕ್ಕಾಲು ಪಟ್ಟು. ರಾಜರ ರಾತ್ರಿಯಲ್ಲಿ ಅದೇ ಎಂಟು ಡಾಲರ್‌ಗೆ ಎದುರಿಗಿದ್ದದ್ದು ಒಂಬತ್ತೂಮುಕ್ಕಾಲು ಪಟ್ಟು.

ಅದೇ ಎಂಟು. ಒಂದು ಕಡೆ ನಾನು ನಗುತ್ತಾ ಕೊಡುತ್ತಿದ್ದೆ, ಇನ್ನೊಂದು ಕಡೆ ಕೊಡಲು ಹೆದರಿದೆ. ಯಾಕೆಂದರೆ ಮೊದಲಲ್ಲಿ ಮೇಜು ಖಾಲಿ ಇರುತ್ತದೆ. ಹೆದರಿಸುವ ಎಲೆ ಇನ್ನೂ ಬಂದಿರುವುದಿಲ್ಲ. ನನ್ನ ಎಕ್ಕ-ಗುಲಾಮ ನನ್ನ ಕಣ್ಣಿಗೆ ಮದುವೆ ಮನೆಯ ಹುಡುಗನ ಹಾಗೆ ಕಾಣುತ್ತದೆ. ಕೊನೆಯಲ್ಲಿ ಐದು ಎಲೆ ಬಿಡಿಸಿಟ್ಟಿರುತ್ತಾರೆ. ಪ್ರತಿ ಎಲೆಯೂ ಯಾರದೋ ಕೈಗೆ ಹೊಂದುವ ಹಾಗೆ ಕಾಣುತ್ತದೆ. ಭಯ ಎಲೆಗಳ ಜೊತೆ ಬೆಳೆಯುತ್ತದೆ, ಪಾಟ್ ಕೂಡ ಎಲೆಗಳ ಜೊತೆಯೇ ಬೆಳೆಯುತ್ತದೆ. ನಾವು ಭಯದ ಕಡೆ ನೋಡುತ್ತೇವೆ, ಪಾಟ್ ಕಡೆ ನೋಡುವುದಿಲ್ಲ. ಈಗ ನಾನು ಪಾಟ್‌ನಲ್ಲಿ ಎಷ್ಟು ಬೆಟ್ ಇದೆ ಅಂತ ಮೊದಲಿಂದಲೇ ಮನಸ್ಸಿನಲ್ಲಿ ಎಣಿಸಿಕೊಂಡು ಬರುತ್ತೇನೆ. ದುಡ್ಡಿನ ಬದಲು ಇಡುವ ಚಿಪ್‌ಗಳ ಗುಡ್ಡೆ ನೋಡಿ ಅಂದಾಜು ಮಾಡಲು ಹೋದರೆ ಕಣ್ಣು ಮೋಸ ಮಾಡುತ್ತದೆ.

ಜೋಡಿ ರಾಜನ ಬಗ್ಗೆ ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಎರಡು ರಾಜ ಇರುವಾಗ ಫ್ಲಾಪ್‌ನಲ್ಲೇ ಎಕ್ಕ ಬರುವ ಸಾಧ್ಯತೆ ಸುಮಾರು 23%. ಐದೂ ಎಲೆ ಬಿಡಿಸುವಷ್ಟರಲ್ಲಿ ಅದು 35% ದಾಟುತ್ತದೆ. ಮೂರು ಸಲಕ್ಕೆ ಒಂದಕ್ಕಿಂತ ಜಾಸ್ತಿ. ಇಷ್ಟು ಮಾಮೂಲಿ ಸಂಗತಿ ನಡೆದಾಗಲೆಲ್ಲ ನಾನು ಆಕಾಶ ಬಿದ್ದ ಹಾಗೆ ಆಡುತ್ತಿದ್ದೆ. ಎಕ್ಕ ಬಂದ ಮಾತ್ರಕ್ಕೆ ಅದು ಎದುರಿನವನ ಕೈಯಲ್ಲೂ ಇದೆ ಅಂತ ಅರ್ಥ ಅಲ್ಲ, ಅಲ್ವಾ?

ಏಳು ಗಂಟೆ ಕಾದು ಬಂದ ಎಕ್ಕಗಳು

ರಾಜರ ರಾತ್ರಿಯ ನಂತರ ನಾನು ಇನ್ನೊಂದು ಕಡೆಗೆ ವಾಲಿದೆ. ಗಟ್ಟಿ ಕೈ ಅಂದರೆ ಏನಾದರೂ ಆಗಲಿ ಕಾಲ್. ಅದಕ್ಕೂ ದುಡ್ಡು ಕೊಟ್ಟೆ, ಅವನ್ನೆಲ್ಲ ಬರೆಯುವುದಿಲ್ಲ. ಒಂದನ್ನು ಬರೆಯುತ್ತೇನೆ.

ಭಾನುವಾರ ಮಧ್ಯಾಹ್ನ. ಬೆಳಗ್ಗೆಯಿಂದ ಕೂತಿದ್ದೆ, ಒಳ್ಳೆಯ ಎಲೆಯೇ ಇಲ್ಲ. ಜೋಡಿ ಎಕ್ಕ 221 ಕೈಗೆ ಒಂದು ಸಲ ಬರುವ ಲೆಕ್ಕ. ಕಾರ್ಡ್ ರೂಮಿನ ಮೇಜಿನಲ್ಲಿ ಗಂಟೆಗೆ ಮೂವತ್ತು ಕೈ ನಡೆದರೆ ಏಳು ಗಂಟೆಗೊಮ್ಮೆ. ಅವತ್ತು ನನಗೆ ಹೆಚ್ಚು ಕಡಿಮೆ ಅಷ್ಟು ಹೊತ್ತಾದ ಮೇಲೆ ಬಂತು, ಆಟೀನು ಎಕ್ಕ, ಡೈಮಂಡ್ ಎಕ್ಕ. ನಾನು ಬಟನ್‌ನಲ್ಲಿದ್ದೆ, ಅಂದರೆ ಫ್ಲಾಪ್ ನಂತರ ಎಲ್ಲರಿಗಿಂತ ಕೊನೆಗೆ ಮಾತಾಡುವ ಜಾಗದಲ್ಲಿ. ಇಬ್ಬರು ಬಂದಿದ್ದರು, ನಾನು ಏರಿಸಿದೆ, ಬಿಗ್ ಬ್ಲೈಂಡ್‌ನ ಹೆಂಗಸೂ ಬಂದರು. ಪಾಟ್ 34. ಫ್ಲಾಪ್‌ನಲ್ಲಿ ಹತ್ತು, ಒಂಬತ್ತು, ಎಂಟು. ಆಗಲೇ ಎಚ್ಚರ ಆಗಬೇಕಿತ್ತು. ನಾನು ನಾಲ್ಕು ಇಟ್ಟೆ, ಮೂವರೂ ಕಾಲ್. ಪಾಟ್ 50. ಟರ್ನ್‌ನಲ್ಲಿ ಏಳು.

ಹತ್ತು, ಒಂಬತ್ತು, ಎಂಟು, ಏಳು. ಒಂದು ಗುಲಾಮ ಇದ್ದವನಿಗೆ ಸ್ಟ್ರೈಟ್, ಅಂದರೆ ಸಾಲಾಗಿ ಐದು ಎಲೆ. ಒಂದು ಆರು ಇದ್ದವನಿಗೂ ಸ್ಟ್ರೈಟ್. ಬಿಗ್ ಬ್ಲೈಂಡ್‌ನವರು ಎಂಟು ಇಟ್ಟರು. ಪಕ್ಕದಲ್ಲಿದ್ದ ಟೋಪಿಯ ಮನುಷ್ಯ ಹದಿನಾರಕ್ಕೆ ಏರಿಸಿದ. ಈತ ನಾನು ಬಂದಾಗಿನಿಂದ ಒಂದು ಸಲವೂ ರೇಸ್ ಮಾಡಿರಲಿಲ್ಲ. ಮೂರನೆಯವನು ಎಸೆದ. ನನ್ನ ಮುಂದೆ ಪಾಟ್ 74, ಕೊಡಬೇಕಾದದ್ದು 16. ನಾಲ್ಕೂವರೆ ಪಟ್ಟಿಗಿಂತ ಚೂರು ಜಾಸ್ತಿ ಅಂತ ಲೆಕ್ಕ ಹಾಕಿದೆ. ಲೆಕ್ಕ ಹಾಕಲು ಕಲಿತಿದ್ದೆನಲ್ಲ, ಅದಕ್ಕೆ ಖುಷಿಯಾಗಿಯೇ ಹಾಕಿದೆ. ಆದರೆ ಆ ಲೆಕ್ಕ ಅರ್ಧದ್ದು. 16 ಕೊಟ್ಟರೆ ಆಟ ಮುಗಿಯುವುದಿಲ್ಲ. ಆ ಹೆಂಗಸು ಇನ್ನೊಮ್ಮೆ ಏರಿಸಬಹುದು. ರಿವರ್‌ನಲ್ಲಿ ಇನ್ನೂ ಎಂಟು ಬೇಕೇ ಬೇಕು. ಅಂದರೆ ಕೊನೆ ನೋಡಲು ಕಡಿಮೆ ಅಂದರೂ 24. ಅದಕ್ಕಿಂತ ಮುಖ್ಯವಾದದ್ದು, ನನಗೆ ಸಹಾಯ ಮಾಡುವ ಎಲೆ ಯಾವುದು? ಮೂರನೇ ಎಕ್ಕ ಬಂದರೂ ಸ್ಟ್ರೈಟ್ ಮುಂದೆ ಅದು ಏನೂ ಅಲ್ಲ. ಆರು ಬಂದರೆ ಗುಲಾಮ ಇದ್ದವನು ನನಗಿಂತ ಮೇಲೆ. ಗುಲಾಮ ಬಂದರೆ ಸ್ಟ್ರೈಟ್ ಮೇಜಿನ ಮೇಲೇ ಆಗುತ್ತದೆ, ಆಗ ಹಂಚಿಕೊಳ್ಳಬಹುದು ಅಷ್ಟೆ.

ಕಾಲ್ ಮಾಡಿದೆ. ರಿವರ್‌ನಲ್ಲಿ ಎರಡು ಬಂತು. ಹೆಂಗಸು ಚೆಕ್, ಟೋಪಿಯವನು ಎಂಟು. ಮತ್ತೆ ಕಾಲ್ ಮಾಡಿದೆ, ಹೆಂಗಸೂ ಮಾಡಿದರು. ಅವನ ಹತ್ತಿರ ಗುಲಾಮ-ಹತ್ತು. ಅವರ ಹತ್ತಿರ ಆರು. ನನ್ನ ಎರಡು ಎಕ್ಕ ಮೂವರಲ್ಲಿ ಮೂರನೇ ಸ್ಥಾನ.

ಇಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಏಳು ಗಂಟೆ. ಆ ಎಕ್ಕಗಳಿಗಾಗಿ ಅಷ್ಟು ಹೊತ್ತು ಕಾದಿದ್ದೆ, ಅವು ನನಗೆ ಏನೋ ಕೊಡಬೇಕು ಅನ್ನಿಸುತ್ತಿತ್ತು. ಕೈಯ ಹೆಸರು ಆರಂಭದಲ್ಲಿ ಇಟ್ಟದ್ದು. ಫ್ಲಾಪ್ ಬಿದ್ದ ಮೇಲೆ ಹೆಸರು ಹಳೆಯದು, ಎರಡು ಎಕ್ಕ ಅಂದರೆ ಒಂದು ಜೋಡಿ. ಒಂದು ಜೋಡಿಯ ಜೊತೆ ನಾಲ್ಕು ಜನರ ಪಾಟ್‌ನಲ್ಲಿ, ಸಾಲಾಗಿ ಬಂದ ನಾಲ್ಕು ಎಲೆಗಳ ಎದುರು ಕೂತಿದ್ದೆ. ಅದೇ ಜಾಗದಲ್ಲಿ ನನ್ನ ಕೈಯಲ್ಲಿ ಎರಡು ನಾಲ್ಕು ಇದ್ದಿದ್ದರೆ ಕ್ಷಣವೂ ಯೋಚಿಸದೆ ಎಸೆಯುತ್ತಿದ್ದೆ. ಆದರೆ ಟರ್ನ್‌ನಲ್ಲಿ ಆ ಇಬ್ಬರ ಎದುರು ಎರಡು ಎಕ್ಕಕ್ಕೂ ಎರಡು ನಾಲ್ಕಕ್ಕೂ ಏನೂ ವ್ಯತ್ಯಾಸ ಇರಲಿಲ್ಲ.

ಸುಳ್ಳು ಹೇಳಲಾಗದವನು

ಈ ಎರಡು ಕೈಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕಂಡ ದೊಡ್ಡ ವ್ಯತ್ಯಾಸ ಜನರ ಸಂಖ್ಯೆ. ಅಜ್ಜ ಬೆಟ್ ಮಾಡಿದಾಗ ನನ್ನ ಮುಂದೆ ಇದ್ದವರು ಅವರೊಬ್ಬರೇ. ಹುಡುಗ ಎಸೆದಿದ್ದ. ಬೆಟ್ ಮಾಡಿದವನು ಸುಳ್ಳು ಹೇಳುತ್ತಿರಬಹುದು, ಹೇಳುತ್ತಲೂ ಇದ್ದರು. ಆದರೆ ಆ ಹುಡುಗ ಎಸೆಯದೆ ಕಾಲ್ ಮಾಡಿದ್ದರೆ? ಆಗ ಪಾಟ್ 86 ಆಗುತ್ತಿತ್ತು, ನಾನು ಕೊಡುವುದು ಅದೇ ಎಂಟು. ಲೆಕ್ಕ ಇನ್ನೂ ಚೆನ್ನಾಗಿ ಕಾಣುತ್ತದೆ. ಆದರೂ ಆಗ ರಾಜರನ್ನು ಎಸೆಯುವುದೇ ಸರಿ. ಬೆಟ್ ಮಾಡಿದವರ ಸುಳ್ಳನ್ನು ನಂಬದೆ ಇರಬಹುದು. ಕಾಲ್ ಮಾಡುವವನು ಸುಳ್ಳು ಹೇಳಲು ಆಗುವುದಿಲ್ಲ. ಅವನು ಯಾರನ್ನೂ ಹೆದರಿಸುತ್ತಿಲ್ಲ, ತನ್ನ ಕೈ ಗೆಲ್ಲಬಹುದು ಅಂತ ನಂಬಿ ದುಡ್ಡು ಇಡುತ್ತಿದ್ದಾನೆ. ಎಕ್ಕವೂ ಮೂರು ಇಸ್ಪೀಟೂ ಇರುವ ಮೇಜಿನಲ್ಲಿ ಅವನು ನಂಬಿದ ಕೈ ನನ್ನ ರಾಜರಿಗಿಂತ ಮೇಲಿನದೇ ಇರುತ್ತದೆ.

ಲಿಮಿಟ್ ಆಟದಲ್ಲಿ ನಾನು ಕಲಿತ ಸಂಗತಿಗಳಲ್ಲಿ ಇದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಹೆದರಬೇಕಾದದ್ದು ಜೋರಾಗಿ ಮಾತಾಡಿದವನಿಗೆ ಅಲ್ಲ, ಅವನ ಮಾತು ಕೇಳಿಯೂ ಏಳದೆ ಕೂತವನಿಗೆ. ಟೋಪಿಯ ಮನುಷ್ಯನದೂ ಒಂದು ಬಗೆಯಲ್ಲಿ ಇದೇ. ಒಬ್ಬರು ಆಗಲೇ ಬೆಟ್ ಮಾಡಿದ್ದಾರೆ, ಮೊದಲಿಂದ ರೇಸ್ ಮಾಡಿಕೊಂಡು ಬಂದ ನಾನು ಇನ್ನೂ ಮಾತಾಡಬೇಕು. ಇಬ್ಬರ ನಡುವೆ ಕೂತು ಏರಿಸುವವನಿಗೆ ನಮ್ಮಿಬ್ಬರನ್ನೂ ಓಡಿಸುವ ಆಸೆ ಇರುವುದು ತೀರಾ ಕಡಿಮೆ. ಚಿಕ್ಕ ಮೊತ್ತದ ಮೇಜುಗಳಲ್ಲಂತೂ ಯಾರೋ ಒಬ್ಬರು ಕಾಲ್ ಮಾಡಿಯೇ ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತಿರುತ್ತದೆ.

ನಾನು ಬೆಟ್ ಮಾಡಿ, ಒಬ್ಬನೇ ಎದುರಾಳಿ ರಿವರ್‌ನಲ್ಲಿ ರೇಸ್ ಮಾಡಿದರೆ ಏನು ಮಾಡಬೇಕು ಅನ್ನುವುದು ನನಗೆ ಇವತ್ತಿಗೂ ಕಷ್ಟದ ಪ್ರಶ್ನೆ. ಪಾಟ್ ದೊಡ್ಡದೇ ಇರುತ್ತದೆ, ಬೆಲೆ ಕಡಿಮೆಯೇ ಇರುತ್ತದೆ. ಆದರೆ ಇಡೀ ಸಂಜೆ ಸುಮ್ಮನಿದ್ದವರು ಕೊನೆಯ ಎಲೆಯ ಮೇಲೆ ಏರಿಸಿದರೆ, ಹನ್ನೆರಡರಲ್ಲಿ ಒಂದು ಸಲವಾದರೂ ಅವರು ಸುಳ್ಳು ಹೇಳುತ್ತಾರಾ? ಕೆಲವರು ಹೇಳುವುದೇ ಇಲ್ಲ. ಅಂಥವರ ಎದುರು ನಾನು ಜೋಡಿ ಎಕ್ಕ ಕೂಡ ಎಸೆದಿದ್ದೇನೆ. ಅದಕ್ಕೆ ಅವರ ಜೊತೆ ಗಂಟೆಗಟ್ಟಲೆ ಕೂತಿರಬೇಕು. ಮೇಜಿಗೆ ಬಂದ ಹತ್ತೇ ನಿಮಿಷದಲ್ಲಿ ಯಾರನ್ನೂ ಹಾಗೆ ಓದಲು ಆಗುವುದಿಲ್ಲ. ಗೊತ್ತಿಲ್ಲದವರ ಎದುರು ನಾನು ಕಾಲ್ ಮಾಡುತ್ತೇನೆ.

ಯಂತ್ರದ ಪಶ್ಚಾತ್ತಾಪ

2015ರ ಜನವರಿಯಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಮೈಕಲ್ ಬೌಲಿಂಗ್ ಮತ್ತು ಅವರ ತಂಡ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿತು. ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಬಿಡಿಸಿದ್ದೇವೆ ಅಂತ. ಅವರ ಪ್ರೋಗ್ರಾಮಿನ ಹೆಸರು ಸೀಫಿಯಸ್. ಒಬ್ಬ ಮನುಷ್ಯ ಜೀವಮಾನ ಪೂರ್ತಿ ಅದರ ಜೊತೆ ಆಡಿದರೂ, ತಾನು ಅದಕ್ಕಿಂತ ಮೇಲು ಅಂತ ಭರವಸೆಯಿಂದ ಹೇಳಲು ಆಗದಷ್ಟು ಅದು ಪಕ್ಕಾ. ನಾನು ಅದನ್ನು ಓದಿದ್ದು ನನ್ನ ಕೆಲಸದ ಕುತೂಹಲಕ್ಕೆ. ನಾನೂ ಕಂಪ್ಯೂಟರಿನವನೇ. 4,800 ಪ್ರೊಸೆಸರ್ ಕೋರ್‌ಗಳು 68 ದಿನ ಓಡಿದ್ದವು. ಅಷ್ಟೂ ದಿನ ಆ ಪ್ರೋಗ್ರಾಮ್ ತನ್ನ ಜೊತೆ ತಾನೇ ಆಡುತ್ತಿತ್ತು. ಆಡಿ, ತನ್ನ ಪ್ರತಿ ನಿರ್ಧಾರಕ್ಕೂ ಒಂದು ಲೆಕ್ಕ ಇಡುತ್ತಿತ್ತು: ಇಲ್ಲಿ ಎಸೆದೆ, ಕಾಲ್ ಮಾಡಿದ್ದರೆ ಎಷ್ಟು ಜಾಸ್ತಿ ಸಿಗುತ್ತಿತ್ತು? ಆ ವ್ಯತ್ಯಾಸಕ್ಕೆ ಅವರು ಬಳಸುವ ಹೆಸರು ರಿಗ್ರೆಟ್, ಅಂದರೆ ಪಶ್ಚಾತ್ತಾಪ. ಪಶ್ಚಾತ್ತಾಪ ಜಾಸ್ತಿ ಇರುವ ಕಡೆಗೆ ಮುಂದಿನ ಸಲ ಜಾಸ್ತಿ ವಾಲುವುದು. ಅಷ್ಟೇ ಅದರ ಕಲಿಕೆ.

ಆ ಪದ ಓದಿದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಇಷ್ಟು ದಿನ ನಾನು ಮಾಡಿದ್ದೂ ಅದೇ ಅಲ್ವಾ ಅನ್ನಿಸಿತು. ಆಮೇಲೆ ಅದೇ ಅಲ್ಲ ಅಂತಲೂ ಗೊತ್ತಾಯಿತು. ಸೀಫಿಯಸ್ ಎದುರಿನ ಕೈಯಲ್ಲಿ ಇದ್ದ ಒಂದೇ ಜೋಡಿಯನ್ನು ನೋಡಿ ಕೊರಗುವುದಿಲ್ಲ. ಎದುರಿನ ಕೈಯಲ್ಲಿ ಇರಬಹುದಾದ ಎಲ್ಲ ಜೋಡಿಗಳನ್ನೂ ತೂಗಿ ನೋಡುತ್ತದೆ. ನಾನು ಕೊರಗಿದ್ದು ಅಜ್ಜ ತೋರಿಸಿದ ಹತ್ತು-ಒಂಬತ್ತಕ್ಕೆ. ಅವರು ತೋರಿಸದೆ ಎಲೆ ಒಳಗೆ ತಳ್ಳಿದ್ದರೆ ನಾನು ಅವತ್ತು ಎಂಟು ಡಾಲರ್ ಉಳಿಸಿದೆ ಅಂತ ಸಂತೋಷವಾಗಿ ಮನೆಗೆ ಹೋಗುತ್ತಿದ್ದೆ. ಅವರು ಇಸ್ಪೀಟ್ ಫ್ಲಶ್ ತೋರಿಸಿದ್ದರೆ ಇನ್ನೂ ಬೀಗುತ್ತಿದ್ದೆ. ಆದರೆ ಮೂರೂ ಸಂದರ್ಭದಲ್ಲಿ ನನ್ನ ತಪ್ಪು ಅಷ್ಟೇ ದೊಡ್ಡದು.

ಆ ರಾತ್ರಿ ಒಂದು ಹಾಳೆ ತೆಗೆದುಕೊಂಡು ಎಣಿಸಿದೆ. ಮೂರು ಇಸ್ಪೀಟ್ ಮೇಜಿನ ಮೇಲೆ, ನನ್ನ ಹತ್ತಿರ ಒಂದೂ ಇಲ್ಲ, ಉಳಿದದ್ದು ಹತ್ತು. ಅದರಲ್ಲಿ ಎರಡೆರಡು ತೆಗೆದರೆ 45 ಜೋಡಿ. ಅವನ್ನೆಲ್ಲ ಯಾರೂ ಆಡುವುದಿಲ್ಲ, ಆದರೂ ಪೂರ್ತಿ ಇಟ್ಟುಕೊಂಡೆ. ಅದಕ್ಕೆ ಎಕ್ಕ ಇರುವ ಜೋಡಿಗಳನ್ನು, ಇನ್ನು ಕೆಲವನ್ನು ಸೇರಿಸಿ 75 ಮಾಡಿದೆ. ನನ್ನನ್ನು ಸೋಲಿಸುವವು ಇಷ್ಟು. ಈಗ ನಾನು ಸೋಲಿಸುವವು. ಹತ್ತು-ಒಂಬತ್ತು 16 ಬಗೆಯಲ್ಲಿ ಬರಬಹುದು. ಎರಡೂ ಇಸ್ಪೀಟ್ ಆಗಿರುವ ಒಂದನ್ನು ಬಿಟ್ಟರೆ 15. ಅದರಲ್ಲಿ ಬರೀ ಎಂಟು ಬಗೆಯಲ್ಲಿ ಅಜ್ಜ ಧೈರ್ಯ ಮಾಡಿ ಬೆಟ್ ಮಾಡುತ್ತಾರೆ ಅಂತ ಇಟ್ಟುಕೊಂಡರೂ 83ರಲ್ಲಿ ಎಂಟು, ಅಂದರೆ 9.6%. ನನಗೆ ಬೇಕಿದ್ದದ್ದು, ಪಾಟ್‌ನ 78ಕ್ಕೆ ನನ್ನ ಎಂಟೂ ಸೇರಿದ 86ರಲ್ಲಿ ಎಂಟು, ಅಂದರೆ 9.3%. ಹಾಗೆಯೇ ಸಾಲಿಗೆ ಕಾದು ಸಿಗದೆ ಹೋಗುವ ಒಂಬತ್ತು-ಏಳನ್ನು ನಾನು ಇನ್ನೂ ಎಣಿಸಿಯೇ ಇರಲಿಲ್ಲ. ಅಜ್ಜನ ಕಡೆಯಿಂದಲೂ ನೋಡಿದೆ. ಅವರು 70 ಗೆಲ್ಲಲು ಎಂಟು ಇಟ್ಟರು. ಹತ್ತು ಸಲಕ್ಕೆ ಒಂದು ಸಲಕ್ಕಿಂತ ಚೂರು ಜಾಸ್ತಿ ನಾನು ಎಸೆದರೆ ಸಾಕು, ಏನೂ ಇಲ್ಲದ ಕೈಯಲ್ಲೂ ಅವರಿಗೆ ಲಾಭ. ಅವರು ಚೆನ್ನಾಗಿ ಆಡಿದ್ದರು.

ಹೋದ ಸಲ ಊರಿಗೆ ಹೋದಾಗ ಮಾವನಿಗೆ ಈ ಕಥೆ ಹೇಳಿದೆ. ಅವರಿಗೆ ಪೋಕರ್ ಗೊತ್ತಿಲ್ಲ. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿದರು.

"ನಡುವೆ ಎಷ್ಟಿತ್ತು ಅಂದೆ?"

"ಎಪ್ಪತ್ತೆಂಟು, ಮಾವ."

"ನೋಡೋಕೆ?"

"ಎಂಟು."

ಅವರು ಸುಣ್ಣದ ಡಬ್ಬಿ ಮುಚ್ಚಿದರು. "ಹಂಗಾದ್ರೆ ಅದು ಡ್ರಾಪ್ ಅಲ್ಲ ಕಣೋ. ನಿಂದನ್ನ ನೀನೇ ಕೊಟ್ಟು ಬಂದಿದ್ದು."

ಅವರಿಂದ ಕಲಿತ ಬುದ್ಧಿಯಿಂದಲೇ ಹೀಗಾಯಿತು ಅಂತ ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವರು ಕಲಿಸಿದ್ದು ಬಿಡುವುದನ್ನಲ್ಲ, ಬೆಲೆ ಕೇಳುವುದನ್ನು. ಇಪ್ಪತ್ತು, ನಲವತ್ತು, ಎಂಬತ್ತು ಅಂದಾಗ ನಾನು ಚಿಕ್ಕವನು, ಬಿಡು ಅನ್ನುವುದಷ್ಟೇ ಕೇಳಿಸಿಕೊಂಡಿದ್ದೆ.

ಕಳೆದ ತಿಂಗಳು ಮತ್ತೆ ಅದೇ 4/8 ಮೇಜಿಗೆ ಹೋಗಿದ್ದೆ. ಎರಡು ರಾಣಿ ಬಂದವು. ಏರಿಸಿದೆ, ಇಬ್ಬರು ಬಂದರು, ಪಾಟ್ 26. ಒಂಬತ್ತು, ಐದು, ಎರಡು. ನಾಲ್ಕು ಇಟ್ಟೆ, ಇಬ್ಬರೂ ಕಾಲ್. ಏಳು ಬಂತು. ಎಂಟು ಇಟ್ಟೆ, ಒಬ್ಬ ಎಸೆದ, ಬಿಗ್ ಬ್ಲೈಂಡ್‌ನ ಹುಡುಗಿ ಕಾಲ್ ಮಾಡಿದಳು. ಪಾಟ್ 54. ರಿವರ್‌ನಲ್ಲಿ ರಾಜ. ಅವಳು ತಾನೇ ಎಂಟು ಮುಂದಿಟ್ಟಳು. ಹೊಟ್ಟೆಯಲ್ಲಿ ಹಳೆಯದೇ ಸಂಕಟ ಎದ್ದಿತು. 62ಕ್ಕೆ ಎಂಟು. ಒಬ್ಬಳೇ ಇದ್ದಾಳೆ, ಅವಳು ಹೇಗೆ ಆಡುತ್ತಾಳೆ ಅಂತ ನನಗೆ ಗೊತ್ತಿಲ್ಲ. ಎಂಟು ಚಿಪ್ ಎಣಿಸಿ ಮುಂದಿಟ್ಟೆ. ಅವಳು ಎಲೆ ತಿರುಗಿಸಿದಳು. ರಾಜ, ಒಂಬತ್ತು.

ರಾಣಿಯರನ್ನು ಡೀಲರ್ ಕಡೆ ಕೊಟ್ಟೆ. ಅವರು ಚಿಪ್‌ಗಳನ್ನು ಅವಳ ಕಡೆ ತಳ್ಳಿ, ಎಲೆ ಕಲಸಿ, ಮತ್ತೆ ಹಂಚಿದರು. ಇಸ್ಪೀಟ್ ಎಕ್ಕ, ಆಟೀನು ಗುಲಾಮ. ಮೊದಲ ಜಾಗದಲ್ಲಿ ಕೂತಿದ್ದ ಬಿಗಿ ಆಟದ ಮನುಷ್ಯ ಎಂಟಕ್ಕೆ ಏರಿಸಿದ. ನನ್ನ ಸರದಿ ಬಂತು, ಎಸೆದೆ.